ಮೂರು ತಾಲೂಕಿಗೊಬ್ಬ ಯೋವೇಲ

ಯಾವಗಲ್ಲಿನ ಕಲ್ಲೇಶನಿಗೆ ತನ್ನ ಹೆಸರಿನ ಮೇಲೆ ಸಿಟ್ಟಿದೆ ಎಂದು ಊರಿಗೆ ಗೊತ್ತಾದದ್ದು ಅವನಿಗೆ ಗಂಡು ಮಗು ಹುಟ್ಟಿದ ಮೇಲೆ. ಅದಕ್ಕೂ ಮೊದಲು ಅವನು ಸಿಟ್ಟು ತೋರಿಸಿರಲಿಲ್ಲ. ತೋರಿಸಿದ್ದರೂ ಯಾವ ಕಲ್ಲೇಶ ಸಿಟ್ಟಾಗಿದ್ದಾನೆ ಎಂದು ಊರು ಕೇಳುತ್ತಿತ್ತು. ಹೋಟೆಲ್ ಕಲ್ಲೇಶ, ಟ್ರ್ಯಾಕ್ಟರ್ ಕಲ್ಲೇಶ, ಮಾಸ್ತರ ಕಲ್ಲೇಶ ಎಂದು ಊರಲ್ಲಿ ಕಲ್ಲೇಶರು ಹಲವರು. ಇವನಿಗೆ ಹೋಟೆಲ್ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಕಪ್ಪು ಮಣ್ಣಿನ ಹೊಲ ಮಾತ್ರ ಇದೆ, ಅದು ಎಲ್ಲರಿಗೂ ಇದೆ. ಹೀಗಾಗಿ ಇವನು ಬರೀ ಕಲ್ಲೇಶ. ಮದುವೆಯ ದಿನ ನರಗುಂದದಿಂದ ಬಂದ ಬೀಗರು ಹೋಟೆಲ್ ಕಲ್ಲೇಶನ ಬಾಗಿಲಲ್ಲಿ ಇಳಿದು ಅವನಿಗೆ ಆರತಿ ಎತ್ತಿ, ಹಣೆಗೆ ಕುಂಕುಮ ಹಚ್ಚಿ, ಉಪ್ಪಿಟ್ಟು ತಿಂದು, ಆಮೇಲೆ ವಿಚಾರಿಸಿದ್ದರು.

ಇಂಥ ಅನುಭವವುಳ್ಳ ಮನುಷ್ಯ ಮಗನಿಗೆ ಯಾರಿಗೂ ಇಲ್ಲದ ಹೆಸರು ಬೇಕು ಎಂದರೆ ಅದರಲ್ಲಿ ತಪ್ಪಿಲ್ಲ. ಆದರೆ ಅವನು ಗುರಿಯನ್ನು ಸ್ವಲ್ಪ ದೊಡ್ಡದಾಗಿ ಇಟ್ಟುಕೊಂಡ. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ತಾಲೂಕುಗಳಲ್ಲಿ ಒಬ್ಬರಿಗೂ ಇರಬಾರದು ಎಂದ.

ಮಗು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ರೋಣದ ಅಯ್ಯನವರು ಪಂಚಾಂಗ ತೆಗೆದು ಯೇ, ಯೋ, ಭಾ, ಭೀ ಎಂಬ ನಾಲ್ಕು ಅಕ್ಷರ ಕೊಟ್ಟು, ಮಗು ಹುಟ್ಟಿದ ನಕ್ಷತ್ರಪಾದಕ್ಕೆ ಯೋ ಬರುತ್ತದೆ ಎಂದು ಹೇಳಿದರು. ಊರು ಒಂದೇ ಧ್ವನಿಯಲ್ಲಿ ಯೋಗೇಶ ಎಂದಿತು. ಯಾವಗಲ್ಲಿನಲ್ಲಿ ಯೋಗೇಶರು ಆಗಲೇ ಐವರಿದ್ದರು. ಅದರಲ್ಲಿ ಇಬ್ಬರು ಒಂದೇ ಮನೆಯವರು. ಅಣ್ಣತಮ್ಮಂದಿರು ಮಾತು ಬಿಟ್ಟ ವರ್ಷ ಒಬ್ಬರನ್ನೊಬ್ಬರು ಕೇಳದೆ ತಂತಮ್ಮ ಮಕ್ಕಳಿಗೆ ಇಟ್ಟಿದ್ದರು.

ಕಲ್ಲೇಶ ಫೋನಿನಲ್ಲಿ ಮಕ್ಕಳ ಹೆಸರುಗಳ ಆ್ಯಪ್ ಹಾಕಿಕೊಂಡ. ಯೋಗದಿಂದ ಶುರುವಾಗುವುದನ್ನೆಲ್ಲ ದಾಟಿ ಕೆಳಗೆ ಕೆಳಗೆ ಹೋದಾಗ ಒಂದು ಹೆಸರು ಸಿಕ್ಕಿತು. ಯೋವೇಲ. ಹೀಬ್ರೂ ಭಾಷೆಯದು. ಅರ್ಥ: ಯೆಹೋವನೇ ದೇವರು. ಬಳಕೆ: ಪ್ರಾಚೀನ ಪ್ರವಾದಿಯೊಬ್ಬನ ಹೆಸರು, ಇಂದಿಗೂ ಅನೇಕ ದೇಶಗಳಲ್ಲಿ ಗಂಡುಮಕ್ಕಳಿಗೆ ಇಡುತ್ತಾರೆ, ಇಂಗ್ಲಿಷಿನಲ್ಲಿ ಜೋಯೆಲ್.

"ಅನೇಕ ದೇಶದಾಗ ಐತಿ, ನಮ್ಮ ತಾಲೂಕಿನಾಗ ಇಲ್ಲ. ನನಗ ಇದ ಬೇಕಾಗಿತ್ತು," ಎಂದ ಕಲ್ಲೇಶ.

"ಅರ್ಥ ಏನಂತ?" ಎಂದು ಒಳಗಿನಿಂದ ಕೇಳಿದಳು ಹೆಂಡತಿ ದುರ್ಗಾ. ಮೊದಲ ಮಗಳ ಬಾಣಂತನ ನರಗುಂದದ ತವರಿನಲ್ಲಿ ಆಗಿತ್ತು. ಇದು ಎರಡನೆಯದು, ಯಾವಗಲ್ಲಿನಲ್ಲೇ ನಡೆದಿತ್ತು.

"ಯೆಹೋವನ ದೇವರು ಅಂತ."

"ಯೆಹೋವ ಅಂದ್ರ ಯಾರೋ?" ಎಂದಳು ತಾಯಿ ಹೊಳೆವ್ವ.

"ದೇವರಬೇ."

"ಅಂದ್ರ ದೇವರ ದೇವರು ಅಂದಂಗಾತು. ಅಲ್ಲ ಅಂತ ಯಾರ ಅಂದಿದ್ರು?"

ಮೂರು ತಾಲೂಕುಗಳನ್ನು ಕಲ್ಲೇಶ ವಿಚಾರಿಸಿದ ಕ್ರಮ ಹೀಗಿತ್ತು. ನರಗುಂದಕ್ಕೆ ಫೋನು ಮಾಡಿ ಮಾವ ದೇವಪ್ಪನನ್ನು ಕೇಳಿದ. ಗಜೇಂದ್ರಗಡಕ್ಕೆ ಕೊಟ್ಟಿದ್ದ ಅಕ್ಕ ಮಹೇಶ್ವರಿಯನ್ನು ಕೇಳಿದ. ರೋಣದಲ್ಲಿ ಕೇಳಲು ನೆಂಟರು ಯಾರೂ ಇಲ್ಲದ್ದರಿಂದ ಬಸ್ ನಿಲ್ದಾಣದ ನಡುವೆ ನಿಂತು "ಯೋವೇಲಾ" ಎಂದು ಕೂಗಿದ. ಯಾರೂ ತಿರುಗಿ ನೋಡಲಿಲ್ಲ ಎಂದು ಮನೆಗೆ ಬಂದು ಹೇಳಿದ. ನಿಖರವಾಗಿ ಹೇಳಬೇಕೆಂದರೆ ಎಲ್ಲರೂ ತಿರುಗಿ ನೋಡಿದರು. ಓಗೊಟ್ಟವರು ಯಾರೂ ಇರಲಿಲ್ಲ.

ಇನ್ನು ಉಳಿದದ್ದು ಅಕ್ಕನ ಒಪ್ಪಿಗೆ. ಈ ಕಡೆ ಮಗುವಿಗೆ ಹೆಸರಿಡುವವರು ತಂದೆ ತಾಯಿ ಎಂಬುದು ಬರೀ ಮಾತು. ತೊಟ್ಟಿಲ ದಿನ ಸೋದರತ್ತೆ ಮಗುವಿನ ಕಿವಿಯ ಹತ್ತಿರ ಬಾಯಿ ಇಟ್ಟು "ಕುರ್ರ್" ಎಂದು ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ಆಗ ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬಿದ್ದ ಮೇಲೆ ಹೆಸರು ಕೂತಿತು ಎಂದು ಲೆಕ್ಕ. ಅಲ್ಲಿಂದ ಮುಂದೆ ಮಗು ತಂದೆ ತಾಯಿಯದು, ಹೆಸರು ಅತ್ತೆಯದು.

ಮಹೇಶ್ವರಿ ತಮ್ಮನಿಗಿಂತ ಹಿರಿಯಳು, ತಮ್ಮನಿಗಿಂತ ಎತ್ತರ, ತಮ್ಮನಿಗಿಂತ ದನಿ ದೊಡ್ಡದು. ಅವಳ ಮನಸ್ಸಿನಲ್ಲಿದ್ದದ್ದು ಭೀಮಾಶಂಕರ. ಆದರೆ "ಅಕ್ಕಾ, ಮೂರ್ ತಾಲೂಕಿನಾಗ ಈ ಹೆಸರ ಇಟ್ಟಾಕಿ ನೀನ ಮೊದಲ್ನೇಕಿ ಆಗ್ತೀ" ಎಂದು ಕಲ್ಲೇಶ ಹೇಳಿದ. ತನ್ನ ಓಣಿಗೆ ಮಿಕ್ಸರ್ ತಂದವರಲ್ಲಿ ಮೊದಲಿಗಳಾದ ಮಹೇಶ್ವರಿಗೆ ಈ ವಾದ ತಟ್ಟಿತು.

ತೊಟ್ಟಿಲ ದಿನ ಅವಳು ಬಾಗಿ ಕುರ್ರ್ ಎಂದಳು. ಹೆಂಗಸರು ಗುದ್ದಿದರು. ಕೆಲವರು ಹಳೆಯ ಲೆಕ್ಕವನ್ನೂ ಸೇರಿಸಿ ಗುದ್ದಿದರು. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತು, "ಯೋವೇಲ!" ಎಂದು ಮನೆ ತುಂಬ ಕೇಳುವಂತೆ ಸಾರಿದಳು.

ಹಾಡುತ್ತಿದ್ದವರು ನಿಲ್ಲಿಸಿದರು. ಗುಗ್ಗರಿ ಹಂಚುತ್ತಿದ್ದ ಕೈ ಬುಟ್ಟಿಯಲ್ಲೇ ಉಳಿಯಿತು. ಬಾಗಿಲ ಹೊರಗೆ ಗಂಡಸರ ಸಾಲಿನಲ್ಲಿ ಕೂತಿದ್ದ ನೆರೆಮನೆಯ ಗವಿಸಿದ್ದಪ್ಪ ಮೊದಲು ಚೇತರಿಸಿಕೊಂಡ. ಗವಿಸಿದ್ದಪ್ಪ ಒಮ್ಮೆ ಪಂಚಾಯ್ತಿ ಮೆಂಬರ್ ಆಗಿದ್ದವನು. ಅಂದಿನಿಂದ ಊರಿನ ಯಾವ ವಿಷಯದಲ್ಲೂ ಅಭಿಪ್ರಾಯ ಇಲ್ಲದೆ ಮಲಗಿದವನಲ್ಲ.

"ಕಲ್ಲೇಶ, ಹೋದ ವರ್ಷ ಕಡಲಿಗೆ ಎಣ್ಣಿ ಹೊಡದ್ವಲ್ಲೋ, ನೀಲಿ ಡಬ್ಬಿದು. ಅದರ ಹೆಸರೇನ ಇದು?"

"ಇಲ್ಲ ಕಾಕಾ. ಪ್ರವಾದಿ ಹೆಸರು. ಮುಂದ ಆಗೋದನ್ನ ಮೊದಲ ಹೇಳಾವ."

"ಹೌದಾ? ಮುಂದ ಏನ ಆಗ್ತದಂತ ಹೇಳ್ಯಾನ?"

ಕಲ್ಲೇಶನಿಗೆ ಗೊತ್ತಿರಲಿಲ್ಲ. ಹೆಸರಿನ ಅರ್ಥ ನೋಡಿದ್ದ, ಬಳಕೆ ನೋಡಿದ್ದ. ಹೆಸರಿನವನು ಏನು ಮಾಡಿದ ಎಂದು ನೋಡಿರಲಿಲ್ಲ. ಮುಂದಿನ ಎಲ್ಲ ತೊಂದರೆಗೂ ಕಾರಣ ಇದೊಂದೇ.

ಉತ್ತರ ಸಿಗದ ಪ್ರಶ್ನೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಗವಿಸಿದ್ದಪ್ಪನಿಗಿಲ್ಲ. ಮರುದಿನವೇ ಖಾದರನ ಅಂಗಡಿಗೆ ಹೋದ. ಖಾದರ ಬೀಜ, ಗೊಬ್ಬರ, ಕೀಟನಾಶಕ ಮಾರುವವನು. ಊರವರು ಆ ಕೀಟನಾಶಕಕ್ಕೇ ಎಣ್ಣಿ ಎನ್ನುವುದು.

"ಖಾದರ, ನಿಮ್ಮೊಳಗ ಪ್ರವಾದಿ ಭಾಳ ಮಂದಿ ಅದಾರಂತಲ್ಲ. ಯೋವೇಲ ಅಂತ ಯಾರರ ಅದಾನೇನ?"

ಖಾದರ ಯೋಚಿಸಿದ. "ಯೂನುಸ ಅದಾರ್ರಿ, ಇಲಿಯಾಸ ಅದಾರ, ಅಯೂಬ ಅದಾರ. ಈ ಹೆಸರ ನಾ ಕೇಳಿಲ್ರಿ. ಕ್ರಿಶ್ಚನ್ನರೊಳಗ ಇರಬೇಕು, ತಡೀರಿ." ಫೋನು ತೆಗೆದು ನೋಡಿದ. ಓದುತ್ತ ಓದುತ್ತ ಅವನ ಮುಖ ವ್ಯಾಪಾರಿಯ ಮುಖವಾಯಿತು. "ಕಾಕಾ, ಇಂವ ಹೇಳಿದ್ದು ಕೀಡಿ ವಿಷಯರಿ."

"ಏನು?"

"ಮಿಡತಿ ದಂಡು ಬರ್ತಾವ, ಒಂದು ಹುಳ ಬಿಟ್ಟದ್ದನ್ನ ಇನ್ನೊಂದು ತಿಂತದ, ಹೊಲ ಎಲ್ಲ ಹಾಳಾಗ್ತಾವ ಅಂತ ಹೇಳ್ಯಾನಂತ."

ಇಲ್ಲಿ ವಾಸ್ತವಾಂಶ ಸ್ಪಷ್ಟಪಡಿಸುವುದು ಒಳ್ಳೆಯದು. ಪ್ರವಾದಿ ಯೋವೇಲ ಮಿಡತೆಗಳ ಬಗ್ಗೆ ಹೇಳಿದ್ದು ನಿಜ. ಆದರೆ ಅವನು ಹೇಳಿದ್ದು ಯೆಹೂದ ದೇಶದ ವಿಷಯ. ಗೋಧಿ, ಜವೆ, ದ್ರಾಕ್ಷಿ, ಅಂಜೂರ, ದಾಳಿಂಬೆಗಳ ಹೆಸರು ಅಲ್ಲಿ ಬರುತ್ತವೆ. ಕಡಲೆಯ ಹೆಸರಿಲ್ಲ. ರೋಣ ತಾಲೂಕಿನ ಹೆಸರಂತೂ ಇಲ್ಲವೇ ಇಲ್ಲ. ಗವಿಸಿದ್ದಪ್ಪ ಈ ವಿವರಗಳಿಗೆ ಕಾಯದೆ ಅಂಗಡಿಯ ಮೆಟ್ಟಿಲಿಳಿದಿದ್ದ.

ಅದು ಕಡಲೆ ಹೂ ಉದುರಿಸಿ ಕಾಯಿ ಕಟ್ಟುವ ಸಮಯ. ಪ್ರತಿ ವರ್ಷ ಆ ಸಮಯಕ್ಕೆ ಕಾಯಿಕೊರಕ ಬರುತ್ತದೆ. ಅದರ ಅಜ್ಜನ ಕಾಲದಿಂದ ಬರುತ್ತಿದೆ. ಆ ವರ್ಷವೂ ಬಂತು. ಗವಿಸಿದ್ದಪ್ಪನ ಹೊಲದಲ್ಲಿ ಮೊದಲ ಹುಳ ಕಂಡ ದಿನವೇ ಊರಿಗೆ ಅದರ ಜಾತಕ ಸಿಕ್ಕಿಬಿಟ್ಟಿತು.

"ಕಿವಿಯಾಗ ಕರದಾರ, ಬಂದೈತಿ," ಎಂದ ಗವಿಸಿದ್ದಪ್ಪ, ಕಟ್ಟೆಯ ಮೇಲೆ ಕೂತು.

"ಹ್ವಾದ ವರ್ಷನೂ ಬಂದಿತ್ತಲ್ಲ ಕಾಕಾ?" ಎಂದ ಹೋಟೆಲ್ ಕಲ್ಲೇಶ.

"ಹ್ವಾದ ವರ್ಷ ತಾನ ಬಂದಿತ್ತು. ಈ ವರ್ಷ ಕರದಾಗ ಬಂದೈತಿ. ಕರೀದ ಬಂದದ್ದು ಉಂಡು ಹೋಗ್ತದ. ಕರದು ಬಂದದ್ದು ಮೆಲ್ಲಕ ಉಣ್ತದ."

ಯಾವ ಹುಳವನ್ನು ಹಿಡಿದು ಕೇಳಿದರೂ ಎದುರು ಸಾಕ್ಷಿ ಸಿಗುವಂತಿರಲಿಲ್ಲ. ಹೊಳೆವ್ವ ಮೊಮ್ಮಗನನ್ನು ಎತ್ತಿಕೊಂಡು ಹೊರಟರೆ ಹೊಲದ ಬದುವಿನಲ್ಲಿ ನಿಂತವರು "ಯವ್ವಾ, ಆ ಕಡಿಂದ ಹೋಗಬೇ, ಈ ಕಡೆ ಕಾಯಿ ಎಳೀವದಾವ" ಎನ್ನತೊಡಗಿದರು. ಮಗುವಿನ ಹೆಸರನ್ನು ಊರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಲೇಬೇಕಾದಾಗ ಮೊದಲು ಹೊಲದ ಕಡೆ ನೋಡಿ, ಗಾಳಿ ಎತ್ತ ಬೀಸುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಹೇಳಿದರು. ಖಾದರನ ಅಂಗಡಿಯಲ್ಲಿ ನೀಲಿ ಡಬ್ಬಿ ತೀರಿ, ಹಳದಿ ಡಬ್ಬಿಯೂ ತೀರಿತು.

ಕೊನೆಗೆ ಗವಿಸಿದ್ದಪ್ಪ ವಿಷಯವನ್ನು ನೇರವಾಗಿ ಎತ್ತಿದ.

"ನೋಡ ತಮ್ಮಾ, ಹೆಸರ ಬದಲ ಮಾಡು. ಇಲ್ಲಂದ್ರ ನಿನ್ನ ಕಡಲಿ ಕೀಳಾಕ ಈ ಓಣಿಯಿಂದ ಮುಯ್ಯಾಳ ಒಬ್ಬರೂ ಬರಂಗಿಲ್ಲ."

ಯಾವಗಲ್ಲಿನಲ್ಲಿ ಇದು ಸಣ್ಣ ಮಾತಲ್ಲ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿದು, ದುಡಿತವನ್ನು ದುಡಿತದಿಂದಲೇ ತೀರಿಸುವುದು ಮುಯ್ಯಿ. ಮುಯ್ಯಿ ನಿಂತರೆ ಕಲ್ಲೇಶ ಮತ್ತು ದುರ್ಗಾ ಇಬ್ಬರೇ, ಅದರಲ್ಲಿ ಒಬ್ಬಳು ಬಾಣಂತಿ, ಮಾಗಿದ ಕಡಲೆ ಎದುರಿಗೆ. ಮೂರು ತಾಲೂಕಿನಲ್ಲಿಲ್ಲದ ಹೆಸರು ಕಲ್ಲೇಶನಿಗೆ ಬೇಕಿತ್ತು. ಮೂರು ತಾಲೂಕಿನಲ್ಲಿಲ್ಲದ ಫಜೀತಿ ಬೇಕಿರಲಿಲ್ಲ.

"ಅಕ್ಕನ್ನ ಕೇಳ್ತೀನಿ ಕಾಕಾ," ಎಂದು ಕಟ್ಟೆಯ ಮೇಲೆಯೇ ಗಜೇಂದ್ರಗಡಕ್ಕೆ ಫೋನು ಹಚ್ಚಿದ. ಸ್ಪೀಕರ್ ಹಾಕು ಎಂದರು, ಹಾಕಿದ. ಹಾಕದಿದ್ದರೂ ಕೇಳುತ್ತಿತ್ತು.

"ಬದಲ ಮಾಡ್ತೀಯಾ?" ಎಂದಿತು ಮಹೇಶ್ವರಿಯ ದನಿ. "ಕಿವಿಯಾಗ ಹಾಕಿದ್ದನ್ನ ಹ್ಯಾಂಗ ತಗೀತಿ? ಚಮಚ ಹಾಕಿ ತಗೀತೀಯೇನ? ಬೆನ್ನಿಗೆ ಗುದ್ದ ತಿಂದಾಕಿ ನಾನು. ಇನ್ನೂ ಬಾವು ಇಳಿದಿಲ್ಲ. ಹೆಸರ ಬದಲಾದ ದಿನ ನನಗ ತವರಿಲ್ಲ, ನಿನಗ ಅಕ್ಕ ಇಲ್ಲ. ಅಲ್ಲಿ ಯಾರ ಅದಾರ? ಗವಿಸಿದ್ದಪ್ಪ ಕಾಕಾ ಅದಾರೇನ?"

ಗವಿಸಿದ್ದಪ್ಪ ಇಲ್ಲ ಎಂಬಂತೆ ಕೈಯಾಡಿಸಿದ.

"ಇಲ್ಲಂತಕ್ಕಾ," ಎಂದ ಕಲ್ಲೇಶ.

"ಇಲ್ಲದವರಿಗೆ ಹೇಳು, ನಾ ಕೇಳೀನಂತ."

ಹೆಸರು ಇಟ್ಟರೆ ಊರಿಲ್ಲ, ತೆಗೆದರೆ ಅಕ್ಕ ಇಲ್ಲ. ತಂದೆ ತೀರಿದ ಮೇಲೆ ಕಲ್ಲೇಶನನ್ನು ಕಂಕುಳಲ್ಲಿ ಹೊತ್ತು ಶಾಲೆಗೆ ಬಿಟ್ಟವಳು ಅವಳು. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸರ್ಕಾರದ ಮೊರೆ ಹೋದ. ಕೃಷಿ ಇಲಾಖೆಯ ಅಧಿಕಾರಿ ಮುನಾವರ ಸಾಹೇಬರು ಕೀಡೆ ನೋಡಲು ಊರಿಗೆ ಬಂದಿದ್ದಾಗ, ಹೆಸರಿಗೂ ಹುಳಕ್ಕೂ ಸಂಬಂಧವಿಲ್ಲ ಎಂದು ನಾಲ್ಕು ಜನರೆದುರು ಹೇಳಿಸಬೇಕೆಂದು ಅವರನ್ನು ಕಟ್ಟೆಗೆ ಕರೆತಂದ.

"ಇದು ಪತಂಗ ಇಟ್ಟ ತತ್ತಿಯಿಂದ ಬರೋ ಹುಳರಿ. ಅದಕ್ಕ ಯಾರ ಹೆಸರೂ ಗೊತ್ತಿರಂಗಿಲ್ಲ," ಎಂದರು ಮುನಾವರ ಸಾಹೇಬರು.

"ಗೊತ್ತಿಲ್ಲಂತ ಬರದ ಕೊಡ್ರಿ ಸಾಹೇಬ್ರ," ಎಂದ ಗವಿಸಿದ್ದಪ್ಪ.

"ಹುಳದ ಪರವಾಗಿ ನಾ ಹ್ಯಾಂಗ್ರಿ ಬರದ ಕೊಡ್ಲಿ?"

"ಹಂಗಾದ್ರ ಗೊತ್ತಿರಬಹುದು."

ಸಾಹೇಬರು ಬೆವರು ಒರೆಸಿಕೊಂಡರು. ಸರ್ಕಾರಿ ನೌಕರಿಯಲ್ಲಿ ಇದ್ದವರು ಇಂಥ ಹೊತ್ತಿನಲ್ಲಿ ಹಿಡಿಯುವ ದಾರಿಯನ್ನೇ ಅವರೂ ಹಿಡಿದರು. "ನೋಡ್ರಿ, ಹೆಸರಿಗೂ ಕೀಡೆಗೂ ಸಂಬಂಧ ಐತಿ ಅಂತ ಇಲ್ಲೀತನಕ ಸಾಬೀತಾಗಿಲ್ಲ."

ಜೀಪು ಹೊರಟು ಧೂಳು ಅಡಗುವಷ್ಟರಲ್ಲಿ ಕಟ್ಟೆ ಈ ಹೇಳಿಕೆಯನ್ನು ಬಿಡಿಸಿತ್ತು. ಇಲ್ಲೀತನಕ ಸಾಬೀತಾಗಿಲ್ಲ ಎಂದರೆ ತನಿಖೆ ನಡೆದಿದೆ. ತನಿಖೆಗೆ ಸಾಹೇಬರೇ ಬಂದಿದ್ದರು. ಸಂಬಂಧ ಇಲ್ಲದಿದ್ದರೆ ಸರ್ಕಾರ ಜೀಪು ಕಳಿಸುತ್ತಿತ್ತೇ?

ಹತಾಶನಾದ ಕಲ್ಲೇಶ ಖಾದರನ ಅಂಗಡಿಗೆ ಹೋಗಿ ಕುಕ್ಕರಿಸಿದ. "ಖಾದರ, ಆ ಮನಷ್ಯಾ ಬರೇ ಕೀಡಿ ಸುದ್ದಿ ಅಷ್ಟ ಹೇಳಿ ಸತ್ತಾನೇನ? ಮುಂದೇನೂ ಇಲ್ಲೇನ?"

"ಮುಂದ ಓದಿಲ್ಲರಿ ನಾ," ಎಂದ ಖಾದರ, ಖಾಲಿಯಾದ ಕಪಾಟಿನ ಕಡೆ ನೋಡುತ್ತ. "ಗಿರಾಕಿ ಭಾಳ ಇದ್ರು."

ಈಗ ಎಣ್ಣೆಯೂ ತೀರಿ ಗಿರಾಕಿಗಳೂ ಇರಲಿಲ್ಲವಾದ್ದರಿಂದ ಖಾದರ ಮುಂದೆ ಓದಿದ. ಮುಂದೆ ಮಿಡತೆಗಳು ಹೋಗುತ್ತವೆ. ದೇವರು ಕರುಣೆ ತೋರುತ್ತಾನೆ. ಮುಂಗಾರು, ಹಿಂಗಾರು ಎರಡೂ ಮಳೆ ಕೊಡುತ್ತಾನೆ. ಕಣಗಳಲ್ಲಿ ಕಾಳು ತುಂಬುತ್ತದೆ.

"ಹಿಂಗಾರಿ ಅಂತ ಹೇಳ್ಯಾನ?" ಎಂದು ಕಲ್ಲೇಶ ಎದ್ದು ನಿಂತ.

"ಇಲ್ಲೇ ಐತಿ ನೋಡ್ರಿ. ಮುಂಗಾರಿ, ಹಿಂಗಾರಿ, ಎರಡೂ."

ಕಲ್ಲೇಶ ಈ ಸುದ್ದಿಯನ್ನು ಹೊತ್ತುಕೊಂಡು ಕಟ್ಟೆಗೆ ಓಡಿದ. ಯೆಹೂದ ದೇಶದ ಪ್ರವಾದಿಗೆ ಹಿಂಗಾರಿಯ ವಿಷಯ ಹೇಗೆ ಗೊತ್ತು ಎಂದು ಯಾರೋ ಕೇಳಿದರು. ಗೊತ್ತಿರದಿದ್ದರೆ ಪ್ರವಾದಿ ಹೇಗಾದಾನು ಎಂದು ಇನ್ನಾರೋ ಹೇಳಿದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಉತ್ತರ ಒಳನಾಡಿನಲ್ಲಿ ಅಲ್ಲಲ್ಲಿ ಮಳೆಯಾದೀತು ಎಂದು ಆ ದಿನದ ಪತ್ರಿಕೆಯಲ್ಲೇ ಬಂದಿತ್ತು. ಹೋಟೆಲ್ ಕಲ್ಲೇಶ ಆ ಪುಟದಲ್ಲಿ ಮಿರ್ಚಿ ಭಜಿ ಕಟ್ಟಿಕೊಟ್ಟಿದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ.

ಮರುದಿನ ಸಂಜೆ ಯಾವಗಲ್ಲಿನ ಮೇಲೆ ಹದವಾದ ಮಳೆ ಬಿತ್ತು.

ಗವಿಸಿದ್ದಪ್ಪ ನೆನೆಯುತ್ತಲೇ ಕಲ್ಲೇಶನ ಮನೆಗೆ ಬಂದು ತೊಟ್ಟಿಲ ಮುಂದೆ ಕೈ ಮುಗಿದ. "ಕಲ್ಲೇಶ, ಈ ಹೆಸರ ಯಾರ ಬದಲ ಮಾಡಂದ್ರೂ ಮಾಡಬ್ಯಾಡ. ನಾ ಅದೀನಿ."

"ನೀವ ಅಲ್ರಿ ಕಾಕಾ ಅಂದಿದ್ದು?"

"ನಾ ಅಂದಾಗ ನಾ ಪೂರ್ತಿ ಓದಿದ್ದಿಲ್ಲಪಾ."

ಇಷ್ಟಕ್ಕೇ ನಿಂತಿದ್ದರೆ ಕಲ್ಲೇಶನ ಕಷ್ಟ ಮುಗಿಯುತ್ತಿತ್ತು. ಆದರೆ ಊರಲ್ಲಿ ಕಡಲೆ ಬಿತ್ತಿದವರಷ್ಟೇ ಇರಲಿಲ್ಲ. ಮೆಣಸಿನಕಾಯಿ ಬಿಡಿಸಿ ಕಣದಲ್ಲಿ ಒಣಹಾಕಿದವರೂ ಇದ್ದರು. ಮಳೆಯಲ್ಲಿ ಅವರ ಕಾಯಿ ತೊಯ್ದು ಕಪ್ಪಾಗತೊಡಗಿತು. ಅವರ ಮುಂದಾಳು ಉಡಚವ್ವ. ವಿಧವೆ, ಸ್ವಂತ ದುಡಿಮೆಯ ಹೆಂಗಸು, ಬಾಯಿ ಬಿಟ್ಟರೆ ಅವಳ ಮೆಣಸಿನಕಾಯಿಗೇ ಖಾರ ಕಡಿಮೆ ಎನಿಸುತ್ತಿತ್ತು.

"ಏ ಕಲ್ಲೇಶ! ಮಳಿ ಕರಿಯೋ ಮುಂದ ಓಣ್ಯಾಗ ಒಂದ ಮಾತ ಹೇಳಬೇಕಿಲ್ಲೋ? ತಾಡಪಾಲ ಹಾಕಿಕೊಳ್ತಿದ್ದಿವಿ!"

"ನಾ ಮಳಿ ಕರದಿಲ್ಲಬೇ ಅತ್ತಿ, ಮಗನ್ನ ಕರದದ್ದು."

"ಅದನ್ನ ನಾ ಹೇಳಾಕತ್ತೇನಿ! ಕರೀಬ್ಯಾಡ! ಬದಲ ಮಾಡ ಹೆಸರ!"

ವಾರದೊಳಗೆ ಓಣಿ ಎರಡಾಯಿತು. ಕಡಲೆಯವರು ಹೆಸರು ಇರಲಿ ಎಂದರು, ಮೆಣಸಿನಕಾಯಿಯವರು ತೆಗೆ ಎಂದರು. ಎರಡೂ ಬೆಳೆದವರು ಬೆಳಿಗ್ಗೆ ಒಂದು ಪಕ್ಷ, ಸಂಜೆ ಒಂದು ಪಕ್ಷ. ಮುಯ್ಯಾಳು ಬರುವುದಿಲ್ಲ ಎಂದು ಈಗ ಎರಡೂ ಕಡೆಯವರು ಹೇಳತೊಡಗಿದರು. ಹೊಳೆಯ ದಂಡೆಯ ಹೊಳೆಆಲೂರಿನಿಂದ ಇಬ್ಬರು ಹಿರಿಯರು ಒಂದೇ ಬೈಕಿನಲ್ಲಿ ಬಂದರು. ಅವರದು ಮಧ್ಯಮ ಮಾರ್ಗ. "ಹೆಸರ ಇರವಲ್ದ್ಯಾಕರಿ, ನಮ್ಮದೇನೂ ತಕರಾರಿಲ್ಲ. ಆದ್ರ ಮಳಿಗಾಲದಾಗ ಕರೀಬ್ಯಾಡ್ರಿ. ನಿಮಗ ಮಳಿ ಆಗ್ತದ, ನಮಗ ಹೊಳಿ ಬರ್ತದ." ಚಹಾ ಕುಡಿದು, ಮಗುವಿನ ಮುಖ ದೂರದಿಂದ ನೋಡಿ, ಹೆಸರು ಉಚ್ಚರಿಸದೆ ಹರಸಿ ಹೋದರು.

ಕಲ್ಲೇಶ ಕೊನೆಗೆ ಗಜೇಂದ್ರಗಡಕ್ಕೇ ಹೋಗಿ ಅಕ್ಕನ ಬಾಗಿಲಲ್ಲಿ ಕೂತ. ಮಹೇಶ್ವರಿ ರೊಟ್ಟಿ ಬಡಿಯುತ್ತ ತಮ್ಮನ ಮುಖ ನೋಡಿದಳು. ಎರಡು ರೊಟ್ಟಿ ಆದ ಮೇಲೆ ಕೈ ತೊಳೆದುಕೊಂಡಳು.

"ನಾಳೆ ಬರ್ತೀನಿ. ತೊಟ್ಟಲಾ ಮತ್ತ ಕಟ್ಟು. ಗುಗ್ಗರಿಗೆ ಕಡಲಿ ಗವಿಸಿದ್ದಪ್ಪ ಕಾಕಾ ಕೊಡ್ಲಿ. ಒಗ್ಗರಣಿಗೆ ಮೆಣಸಿನಕಾಯಿ ಉಡಚವ್ವ ಕೊಡ್ಲಿ. ಊರ ಮಂದಿ ಎಲ್ಲ ಬರ್ಲಿ."

ಬಂದಳು. ರೋಣದಲ್ಲಿ ಬಸ್ಸು ಬದಲಿಸಿ, ಹೊಸ ಇಳಕಲ್ ಸೀರೆಯುಟ್ಟು, ಮದುವೆಗೆ ಬಂದವಳಂತೆ ಬಂದಳು. ಓಣಿಗೆ ಓಣಿಯೇ ಅಂಗಳದಲ್ಲಿ ಸೇರಿತ್ತು. ಕಡಲೆಯವರು ತೊಟ್ಟಿಲ ಬಲಕ್ಕೆ, ಮೆಣಸಿನಕಾಯಿಯವರು ಎಡಕ್ಕೆ. ದುರ್ಗಾ ಮಗುವನ್ನು ಮಲಗಿಸಿ, "ಅಕ್ಕಾರ, ಎಚ್ಚರಾದ್ರ ಅಳತೈತ್ರಿ, ಮೆಲ್ಲಕ" ಎಂದಳು.

"ಅಳ್ಲಿ. ಇಷ್ಟ ಮಂದಿ ಇವನ ಸಲುವಾಗಿ ಜಗಳಾಡ್ಯಾರ, ಅದೂ ಒಂದೀಟ ಅಳ್ಲಿ." ಮಹೇಶ್ವರಿ ಸುತ್ತ ನೋಡಿದಳು. "ಗುದ್ದೋರು ಯಾರ ಯಾರ ಬರ್ರಿ. ಉಡಚವ್ವ ಅತ್ತಿ, ನೀ ಈ ಕಡೆ ನಿಲ್ಲಬೇ. ಗವಿಸಿದ್ದಪ್ಪ ಕಾಕಾ, ನಿಮ್ಮ ಮನ್ಯಾಕಿನ್ನ ಆ ಕಡೆ ನಿಲ್ಲಸರಿ. ಎರಡೂ ಕಡಿಂದ ಗುದ್ದ ಬೀಳಬೇಕು. ಆಮ್ಯಾಲೆ ನಾ ಗುದ್ದಿಲ್ಲ, ನಂದಲ್ಲ ಅನಬಾರದು."

ಅವಳು ಬಾಗಿ ಮಗುವಿನ ಕಿವಿಗೆ ಬಾಯಿ ಹಚ್ಚಿದಳು. ಕುರ್ರ್ ಎಂದದ್ದು ಎಲ್ಲರಿಗೂ ಕೇಳಿತು. ಅದರ ಹಿಂದಿನದು ಕೇಳಲಿಲ್ಲ. ಎರಡೂ ಕಡೆಯಿಂದ ಗುದ್ದು ಬಿದ್ದವು. ಉಡಚವ್ವನ ಗುದ್ದು ಗೋಡೆಯವರೆಗೆ ಕೇಳಿತು.

ಮಹೇಶ್ವರಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಗುಗ್ಗರಿ ಬುಟ್ಟಿ ಎತ್ತಿಕೊಂಡು ಹಂಚತೊಡಗಿದಳು.

"ಹೆಸರ ಹೇಳಬೇ," ಎಂದ ಗವಿಸಿದ್ದಪ್ಪ.

"ಹೇಳೇನಲ್ಲರಿ ಕಾಕಾ."

"ಯಾರಿಗೆ?"

"ಹೆಸರ ಯಾರದೋ ಅವನಿಗೆ."

"ಅದ ಐತೋ, ಬ್ಯಾರೆ ಇಟ್ಟಿಯೋ? ಅಷ್ಟರ ಹೇಳು!" ಎಂದಳು ಉಡಚವ್ವ.

"ಕಿವಿಯಾಗ ಹೇಳಿದ್ದನ್ನ ಬಾಯಾಗ ಹೇಳಿದ್ದಕ್ಕ ಇಷ್ಟೆಲ್ಲ ಆತಲ್ಲಬೇ ಅತ್ತಿ. ಅವ ದೊಡ್ಡಾವಾಗಿ ತಾನ ಹೇಳ್ಲಿ. ತಗೋ, ಗುಗ್ಗರಿ ತಗೋ, ನಿನ್ನ ಮೆಣಸಿನಕಾಯಿನ ಐತಿ."

ಗುಗ್ಗರಿ ತಿನ್ನುತ್ತ ಜನ ಯೋಚಿಸಿದರು. ಗವಿಸಿದ್ದಪ್ಪ ಹೊರಗೆ ಬಂದು ತನ್ನ ಕಡೆಯವರಿಗೆ, ಮಹೇಶ್ವರಿ ಮಾತು ಬದಲಿಸುವ ಹೆಂಗಸಲ್ಲ, ಅದೇ ಹೆಸರನ್ನು ಎರಡು ಸಲ ಹಾಕಿದ್ದಾಳೆ, ಈ ಸಲ ಹಿಂಗಾರಿ ಡಬಲ್ ಎಂದು ವಿವರಿಸಿದ. ಉಡಚವ್ವ ತನ್ನ ಕಡೆಯವರಿಗೆ, ಹೆಸರು ಅದೇ ಆಗಿದ್ದರೆ ಸಾರುತ್ತಿದ್ದಳು, ಬದಲಿಸಿದ್ದಕ್ಕೆ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದು ವಿವರಿಸಿದಳು. ಎರಡೂ ಕಡೆಯವರು ತಾವು ಗೆದ್ದೆವೆಂದು ಮನೆಗೆ ಹೋದರು. ಕಡಲೆ ಕೀಳುವ ದಿನ ಎರಡೂ ಕಡೆಯಿಂದ ಮುಯ್ಯಾಳು ಬಂದರು. ಹುಳ ತಿಂದು ಉಳಿದದ್ದು ಪ್ರತಿ ವರ್ಷದಷ್ಟೇ ಇತ್ತು.

ಕಲ್ಲೇಶ ಅಕ್ಕನನ್ನು ಬಸ್ಸಿಗೆ ಹತ್ತಿಸುವಾಗ ಕಿಟಕಿಯ ಹತ್ತಿರ ಹೋಗಿ, "ನನಗರ ಹೇಳ ಅಕ್ಕಾ" ಎಂದಿದ್ದ.

"ನಿನಗ ಹೇಳಿದ್ರ ನೀ ರೋಣ ಸ್ಟ್ಯಾಂಡಿನಾಗ ನಿಂತು ಒದರ್ತಿ," ಎಂದಿದ್ದಳು ಮಹೇಶ್ವರಿ. ಬಸ್ಸು ಹೊರಟಿತ್ತು.

ತಿಂಗಳ ಕೊನೆಗೆ ಲಸಿಕೆ ಹಾಕಲು ಆರೋಗ್ಯ ಕಾರ್ಯಕರ್ತೆ ರಾಜಮಾ ಮನೆಗೆ ಬಂದರು. ಕಲ್ಲೇಶ ಮಗುವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದ.

"ಕೂಸಿನ ಹೆಸರೇನ್ರಿ?"

"ಭಾಳ ಚಲೋ ಹೆಸರ್ರಿ," ಎಂದ ಕಲ್ಲೇಶ, ಎದೆ ಉಬ್ಬಿಸಿ. "ಮೂರ್ ತಾಲೂಕಿನಾಗ ಯಾರಿಗೂ ಇಲ್ರಿ."

"ಅದೇನಂತ?"

ಕಲ್ಲೇಶ ಮಗುವಿನ ಮುಖ ನೋಡಿದ. ಮಗು ಅವನ ಮುಖ ನೋಡಿತು. ಗೊತ್ತಿದ್ದೂ ಹೇಳದ ಮುಖ.

"ಒಂದ ನಿಮಿಷ ತಡೀರಿ ಅಕ್ಕಾರ. ಗಜೇಂದ್ರಗಡಕ್ಕ ಫೋನ ಹಚ್ಚೇನಿ, ಎತ್ತವಲ್ಲಳು."